ಹಳೆಯ ಚರ್ಚ್ ಬೆಂಚಿಗೆ ಪಾಲಿಶ್ ಒಂದೇ ಸಾಕೇ? ರಿಪೇರಿಗೆ ಯಾರನ್ನು ಕರೆಯಬೇಕು?

"ಮಷಿನ್ ಹಾಕಿ ಉಜ್ಜಿಬಿಡ್ತೀವಿ, ಮೇಲೆ ಎರಡು ಕೋಟ್ ಪಿಯು ಪಾಲಿಶ್. ಹೊಸದೇ ಅನ್ನಬೇಕು, ಹಂಗೆ ಮಾಡಿಕೊಡ್ತೀವಿ." ಹಳೆಯ ಮರದ ಸಾಮಾನನ್ನು ರಿಪೇರಿಗೆ ಕೊಟ್ಟವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಮನೆಯ ಕುರ್ಚಿಯಾದರೆ ನಷ್ಟ ಒಂದು ಮನೆಯದು. ಚರ್ಚಿನ ಬೆಂಚು ಹಾಗಲ್ಲ. ಊರಿನ ಮೂರು ನಾಲ್ಕು ತಲೆಮಾರಿನವರು ಕೂತು, ಕೈಯೂರಿ ನುಣುಪು ಮಾಡಿದ ಮರ ಅದು. ರಿಪೇರಿಯ ದುಡ್ಡೂ ಹತ್ತಾರು ಮನೆಗಳ ಕಾಣಿಕೆ. ಉಜ್ಜಿ ತೆಗೆದ ಮರವನ್ನು ಯಾರೂ ಮರಳಿ ತಂದುಕೊಡಲಾರರು.

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೋದರೆ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ 13ನೇ ಶತಮಾನದ ಹೊಯ್ಸಳರ ಕೆಲಸ ಕಾಣಸಿಗುತ್ತದೆ. ಅದು ಕಲ್ಲು, ಮರಕ್ಕೆಲ್ಲಿ ಆ ಆಯಸ್ಸು ಎನ್ನುತ್ತೇವೆ. ಆದರೆ ಅದೇ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನ ತೇಗದ ಕಂಬಗಳು ಈಗಲೂ ನಿಂತಿವೆ. ಹತ್ತಿರದ ಗಂಜಾಂನಲ್ಲಿ ಅಬ್ಬೆ ದುಬುವಾ ಹೆಸರಿನೊಂದಿಗೆ ಬೆಸೆದುಕೊಂಡ ಚರ್ಚ್ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಆತ. ಇಷ್ಟು ಹಳೆಯ ಕ್ರೈಸ್ತ ನೆಲೆಗಳಿರುವ ಸೀಮೆಯಲ್ಲಿ ಬೆಂಚು ರಿಪೇರಿ ಎಂಬುದು ಸಣ್ಣ ವಿಷಯವೇನೂ ಅಲ್ಲ.

ತೇಗಕ್ಕೆ ಗೆದ್ದಲು ಹತ್ತುವುದಿಲ್ಲವೇ?

ಇದು ಅರ್ಧ ನಿಜ. ಮರದ ಒಳಗಿನ ಗಟ್ಟಿ ಭಾಗಕ್ಕೆ ನಮ್ಮಲ್ಲಿ ಚೇಗು ಎನ್ನುತ್ತಾರೆ. ತೇಗದ ಚೇಗಿನಲ್ಲಿರುವ ಕೆಲವು ರಾಸಾಯನಿಕಗಳು ಗೆದ್ದಲನ್ನು ದೂರ ಇಡುತ್ತವೆ. ಚೇಗಿನ ಹೊರಗಿರುವ ತಿಳಿ ಬಣ್ಣದ ಮರಕ್ಕೆ ಆ ರಕ್ಷಣೆ ಇಲ್ಲ. ಒಂದೇ ಬೆಂಚಿನಲ್ಲಿ ಎರಡೂ ಬಗೆಯ ಹಲಗೆ ಇರಬಹುದು. ಹಾಗಾಗಿ ಒಂದು ಕಾಲು ಹಾಳಾಗಿದ್ದರೆ ಇಡೀ ಬೆಂಚು ಹೋಯಿತೆಂದು ತಿಳಿಯಬೇಕಿಲ್ಲ.

ಬೆಂಚಿನಲ್ಲಿ ತೂತು ಕಂಡ ಕೂಡಲೇ "ಗೆದ್ದಲು" ಎನ್ನುವವರೂ ಇದ್ದಾರೆ. ಗೆದ್ದಲು ಮಣ್ಣಿನಿಂದ ಬರುತ್ತದೆ, ಗೋಡೆಯ ಮೇಲೋ ಕಾಲಿನ ಮೇಲೋ ಮಣ್ಣಿನ ಗೆರೆ ಎಳೆಯುತ್ತದೆ. ಹಿಟ್ಟಿನಂಥ ನುಣ್ಣನೆಯ ಪುಡಿ ಉದುರುತ್ತಿದ್ದು, ಗುಂಡುಸೂಜಿ ತಲೆಯಷ್ಟು ತೂತುಗಳಿದ್ದರೆ ಅದು ಸಾಮಾನ್ಯವಾಗಿ ಕುಟ್ಟೆ ಹುಳು. ಹೊರಗಿನ ತಿಳಿಮರದ ಪಿಷ್ಟವೇ ಅದರ ಊಟ. ಎರಡಕ್ಕೂ ಮದ್ದು ಬೇರೆ. ಗೆದ್ದಲಿಗೆ ನೆಲ, ಗೋಡೆಯ ದಾರಿಯನ್ನು ಮುಚ್ಚದೆ ಬೆಂಚಿಗೆ ಮಾತ್ರ ಔಷಧಿ ಬಳಿದರೆ ಅದು ಪಕ್ಕದ ಬೆಂಚಿಗೆ ಹೋಗುತ್ತದೆ. ಕುಟ್ಟೆಯ ತೂತಾದರೆ ಅದು ಹತ್ತು ವರ್ಷದ ಹಿಂದಿನದೂ ಇರಬಹುದು, ಹುಳು ಎಂದೋ ಹಾರಿಹೋಗಿರಬಹುದು. ಬೆಂಚಿನ ಕೆಳಗೆ ಒಂದು ಕಪ್ಪು ಕಾಗದ ಹಾಸಿ ಎರಡು ಮೂರು ವಾರ ಬಿಡಿ. ಹೊಸ ಪುಡಿ ಬಿದ್ದರೆ ಒಳಗೆ ಹುಳು ಇರುವ ಸಾಧ್ಯತೆ ಹೆಚ್ಚು. ಬೀಳದಿದ್ದರೆ ಔಷಧಿಗೆ ಅವಸರ ಬೇಡ. ಈ ಕಾಗದದ ಮಾತು ಎತ್ತದೆ ಮೊದಲ ದಿನವೇ ಔಷಧಿಯ ಲೆಕ್ಕ ಕೊಡುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯೂ ಉಂಟು. ಆಯಿಲ್ ಮರದೊಳಗೆ ಇಳಿದು ಕೂತರೆ ಮುಂದೆ ಅಂಟಾಗಲಿ ಪಾಲಿಶ್ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಮೇಣದಬತ್ತಿ ಉರಿಯುವ ಜಾಗದಲ್ಲಿ ಇವೆರಡೂ ಬೇಡವೇ ಬೇಡ.

ಒಳ್ಳೆಯ ಕೆಲಸಗಾರ ಬೆಂಚಿಗಿಂತ ಮೊದಲು ನೆಲ ನೋಡುತ್ತಾನೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಮರದಲ್ಲಿ ಸುಮಾರು 20 ಶೇಕಡಾಕ್ಕಿಂತ ಹೆಚ್ಚು ತೇವ ಬೇಕು. ವಾರವಾರ ಬಕೆಟ್‌ಗಟ್ಟಲೆ ನೀರು ಹಾಕಿ ನೆಲ ತೊಳೆದರೆ ಬೆಂಚಿನ ಕಾಲಿನ ತುದಿ ಅದನ್ನು ಹೀರುತ್ತದೆ. ಕೊಯ್ದ ತುದಿಯಲ್ಲಿ ಮರದ ನಾಳಗಳು ಬಾಯಿ ತೆರೆದುಕೊಂಡಿರುತ್ತವಲ್ಲ! ಇದನ್ನು ತಪ್ಪಿಸದೆ ಕಾಲು ಬದಲಿಸಿದರೆ ಕೆಲವೇ ವರ್ಷಕ್ಕೆ ಮತ್ತೆ ಅದೇ ಕೆಲಸ.

ಮೇಲಿರುವುದು ಯಾವ ಪಾಲಿಶ್?

ಹಳೆಯ ಬೆಂಚುಗಳ ಮೇಲೆ ಬಹಳಷ್ಟು ಸಲ ಇರುವುದು ಅರಗಿನ ಪಾಲಿಶ್. ಮರಗಳ ಮೇಲೆ ಬದುಕುವ ಅರಗಿನ ಹುಳುವಿನಿಂದ ಸಿಗುವ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯಲ್ಲಿ ತೆಳ್ಳಗೆ ಎಳೆದದ್ದು. ಚನ್ನಪಟ್ಟಣದ ಗೊಂಬೆಯ ಮೇಲಿರುವುದೂ ಅರಗೇ. ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗಿನ ಹೆಸರಿನಲ್ಲೇ. ಅಂದರೆ ಇದು ನಮ್ಮ ಕಡೆಗೆ ಅಪರೂಪದ ವಸ್ತುವಲ್ಲ.

ಬೆಂಚಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಪಿರಿಟ್ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿದರೆ ಅರಗು ಅಂಟಂಟಾಗುತ್ತದೆ, ಪಿಯು ಆಗುವುದಿಲ್ಲ. ಕೋವಿಡ್ ಸಮಯದಲ್ಲಿ ಸ್ಯಾನಿಟೈಸರ್ ಸಿಂಪಡಿಸಿದ ಬೆಂಚುಗಳು ಮಾಸಿದ್ದರೆ ಕಾರಣ ಇದೇ ಇರಬಹುದು, ಅದರಲ್ಲಿರುವುದೂ ಆಲ್ಕೋಹಾಲ್. ಈ ದೌರ್ಬಲ್ಯದಲ್ಲೇ ಒಂದು ಅನುಕೂಲವೂ ಇದೆ. ಅರಗಿನ ಮೇಲೆ ಹೊಸ ಅರಗು ಎಳೆದರೆ ಹಳೆಯದು ಕರಗಿ ಒಂದಾಗುತ್ತದೆ. ಎಷ್ಟೋ ಕಡೆ ಕೊಳೆ ತೆಗೆದು, ಸವೆದ ಜಾಗಕ್ಕೆ ಕೈಪಾಲಿಶ್ ಕೊಟ್ಟರೆ ಸಾಕು. ಅಂಟಿಗೂ ಇದೇ ಮಾತು. ಪ್ರಾಣಿಗಳ ತೊಗಲು, ಎಲುಬಿನಿಂದ ಮಾಡುವ ಸರೇಸು ಬಿಸಿನೀರಿಗೆ ಸಡಿಲವಾಗುತ್ತದೆ, ಮುಂದಿನವರು ಕೀಲು ಬಿಚ್ಚಬಹುದು. ಎಪಾಕ್ಸಿ ತುಂಬಿದ ಕೀಲನ್ನು ಮುರಿದೇ ತೆಗೆಯಬೇಕು.

ನಮ್ಮ ಅಜ್ಜನ ಮನೆಯ ತೂಗುಮಂಚವನ್ನು ಹೀಗೆಯೇ ಮಷಿನ್ ಉಜ್ಜಿಗೆ ಕೊಟ್ಟಿದ್ದೆವು. ಹೊಳೆಯುತ್ತಾ ವಾಪಸ್ ಬಂತು, ಅಂಚಿನಲ್ಲಿ ಮುತ್ತಜ್ಜ ಕೆತ್ತಿದ್ದ ಇಸವಿ ಬರಲಿಲ್ಲ. ಅಜ್ಜಿ ಆಮೇಲೆ ಅದರ ಮೇಲೆ ಕೂತದ್ದು ಕಡಿಮೆ.

ಉಜ್ಜುವುದರಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮುಖ್ಯ ಅಪಾಯ ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡುವವರ ಮೂಗಿನೊಳಭಾಗಕ್ಕೆ. ಬೆಂಚಿಗೆ ಹಳೆಯ ಎನಾಮೆಲ್ ಪೇಂಟ್ ಇದ್ದರೆ ಸೀಸದ ಭಯ ಬೇರೆ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಚರ್ಚಿನೊಳಗೇ, ಮಕ್ಕಳ ಕ್ಯಾಟಿಕಿಸಂ ನಡೆಯುವ ಜಾಗದಲ್ಲೇ, ಮಾಸ್ಕ್ ಇಲ್ಲದೆ ಒಣ ಉಜ್ಜು ಶುರುಮಾಡುವವರನ್ನು ಅಲ್ಲೇ ನಿಲ್ಲಿಸಿ.

ಹಾಗಾದರೆ ಯಾರು?

ಕೀಲು ಸಡಿಲ, ಕಾಲು ಮುರಿದಿದೆ ಎಂದಾದರೆ ಕೈಕೆಲಸ ಬಲ್ಲ ಊರಿನ ಆಚಾರ್ರೇ ಸಾಕು. ಮರ ಯಾವುದೆಂದೇ ಗೊತ್ತಿಲ್ಲದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ಮರದ ಜಾತಿ ಗುರುತಿಸುತ್ತಾರೆ. ಚಿತ್ರ, ಚಿನ್ನದ ರೇಖು, ಸೂಕ್ಷ್ಮ ಕೆತ್ತನೆ ಇದ್ದರೆ ಅದು ಸಂರಕ್ಷಣಾ ತಜ್ಞರ ಕೆಲಸ. ಬೆಂಗಳೂರಿನ ಇಂಟ್ಯಾಕ್ ಕೇಂದ್ರದಲ್ಲಿ, ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯದಲ್ಲಿ ವಿಚಾರಿಸಿ.

ಯಾರೇ ಬಂದರೂ ಅವರು ಹಿಂದೆ ಮಾಡಿದ ಕೆಲಸವನ್ನು ಫೋಟೋದಲ್ಲಲ್ಲ, ಹೋಗಿ ನೋಡಿ. ಮುಗಿಸಿ ಐದು ವರ್ಷವಾದದ್ದಾದರೆ ಇನ್ನೂ ಒಳ್ಳೆಯದು. "ಏನನ್ನು ಹಾಗೇ ಬಿಡ್ತೀರಿ?" ಎಂದು ಕೇಳಿ. ಉತ್ತರವಿಲ್ಲದವರಿಗೆ ಬೆಂಚು ಕೊಡಬೇಡಿ. ಯಾವ ಪಾಲಿಶ್, ಯಾವ ಅಂಟು, ಯಾವ ಔಷಧಿ ಎಂಬುದನ್ನು ಬರೆಸಿಕೊಳ್ಳಿ, ಇಪ್ಪತ್ತು ವರ್ಷ ಬಿಟ್ಟು ಬರುವ ಕೆಲಸಗಾರನಿಗೆ ಆ ಚೀಟಿ ಬೇಕಾಗುತ್ತದೆ. ಮೊದಲು ಹಿಂದಿನ ಸಾಲಿನ ಒಂದೇ ಬೆಂಚು ಮಾಡಿಸಿ. ಉಳಿದವನ್ನು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಯೋಚಿಸಿ.

"ಕ್ರಿಸ್‌ಮಸ್‌ಗೆ ಮುಗಿಸಿಕೊಡಿ" ಎಂದು ಅಕ್ಟೋಬರಿನಲ್ಲಿ ಒತ್ತಾಯಿಸುವುದನ್ನು ಮಾತ್ರ ಬಿಡಿ. ಮಳೆಗಾಲದ ತೇವಕ್ಕೆ ಮರ ಅಡ್ಡಕ್ಕೆ ಉಬ್ಬಿರುತ್ತದೆ. ಆಗ ಬಿಗಿದ ಹಲಗೆ, ಕೀಲು ಮಾರ್ಚಿನ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತವೆ, ಅಷ್ಟರಲ್ಲಿ ಬಿಲ್ಲು ಚುಕ್ತಾ ಆಗಿರುತ್ತದೆ.