ಹಿನ್ನೀರಿನ ಸೀಸೆಗೆ ವಯಸ್ಸು ಹೇಳುವುದು ಹೇಗೆ?

ಕವಲೇದುರ್ಗದ ಕೋಟೆಯೊಳಗಿನ ಯಾವುದಾದರೊಂದು ಕೊಳದ ಕೆಸರಿನಿಂದ ಕಡುಹಸಿರು ಗಾಜಿನ ಸೀಸೆಯೊಂದು ಮೇಲೆ ಬಂತು ಎಂದಿಟ್ಟುಕೊಳ್ಳೋಣ. ಅದು ಯಾವ ಕಾಲದ್ದು? ಕೆಳದಿಯ ಅರಸರು ಕಾಳುಮೆಣಸಿನ ವ್ಯಾಪಾರಕ್ಕಾಗಿ ಪೋರ್ಚುಗೀಸರ ಜೊತೆ ಒಪ್ಪಂದ, ಜಗಳ ಎರಡನ್ನೂ ನಡೆಸುತ್ತಿದ್ದ ದಿನಗಳದ್ದಿರಬಹುದು. 1623ರಲ್ಲಿ ಗೋವೆಯಿಂದ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ರಾಯಭಾರದ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಘಟ್ಟ ಹತ್ತಿದ್ದ. ಕಡಲಿನ ಸರಕು ಮಲೆನಾಡಿಗೆ ಬರುವ ದಾರಿ ಆಗಲೇ ಚೆನ್ನಾಗಿ ಸವೆದಿತ್ತು. ಅದಲ್ಲವಾದರೆ, 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿದು ಕೆಳದಿ ನಾಯಕರ ಆಳ್ವಿಕೆ ಮುಗಿದ ಎಷ್ಟೋ ವರ್ಷಗಳ ಮೇಲೆ ಶಿಕಾರಿಗೆ ಬಂದ ಯಾವನೋ ದೊರೆ ಬಿಸಾಡಿದ್ದಿರಬಹುದು. ಕಳೆದ ಭಾನುವಾರ ಬೆಟ್ಟ ಹತ್ತಿದವರು ಎಸೆದು ಹೋದದ್ದೂ ಇರಬಹುದು. ಈ ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ಸೀಸೆಯನ್ನು ಎಷ್ಟು ತಿಕ್ಕಿ ತೊಳೆದು ನೋಡಿದರೂ ಸಾಲದು. ಇಂಗ್ಲೆಂಡ್, ಅಮೆರಿಕದಂಥ ಕಡೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹಳೆಯ ಬಂದರುಕಟ್ಟೆಗಳ ಬುಡ, ನದಿಯ ತಿರುವು, ದೋಣಿಗಟ್ಟೆಗಳ ಕೆಸರನ್ನು ತಡಕಿ ಹಳೆಯ ಸೀಸೆ ಹೆಕ್ಕುವ ಹವ್ಯಾಸವೊಂದಿದೆ. ಹೆಕ್ಕಿದ್ದನ್ನು ಹೊಳೆಯುವ ಹಾಗೆ ತೊಳೆದು ಕಪಾಟಿನಲ್ಲಿಡುತ್ತಾರೆ, ಮಾರುತ್ತಾರೆ. ನಮ್ಮಲ್ಲಿ ಸ್ಕೂಬಾ ಎಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಸುತ್ತ ಮೀನು ನೋಡಿ ಬರುವುದು. ಸೀಸೆಯ ಗೀಳು ಇನ್ನೂ ಬಂದಿಲ್ಲ. ಬರುವ ಮೊದಲೇ ಒಂದು ಮಾತನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು: ನಮ್ಮ ನೆಲದಲ್ಲಿ ಸೀಸೆ ತನ್ನ ವಯಸ್ಸನ್ನು ತಾನು ಹೇಳುವುದಿಲ್ಲ, ಅದು ಬಿದ್ದಿದ್ದ ಜಾಗ ಹೇಳುತ್ತದೆ. ಹಾಗಾಗಿ ಹೆಕ್ಕುವುದು ಮತ್ತು ತೊಳೆಯುವುದು ಇಲ್ಲಿ ಈ ಕಸುಬಿನ ಕೊನೆಯ ಕೆಲಸಗಳಾಗಬೇಕು.

ಗಾಜಿನ ಮೈಮೇಲೆ ಓದಲು ಸಿಗುವುದು ಕಡಿಮೆಯೇನಲ್ಲ. ಬಾಯಿಂದ ಊದಿ ಮಾಡಿದ ಸೀಸೆಯ ತಳದಲ್ಲಿ, ಕೆಲಸಗಾರ ಅದನ್ನು ಕಬ್ಬಿಣದ ಸರಳಿಗೆ ಅಂಟಿಸಿ ಹಿಡಿದು ಕೊನೆಗೆ ಮುರಿದು ಬಿಡಿಸಿದ ಒರಟು ಗಾಯವಿರುತ್ತದೆ. 19ನೇ ಶತಮಾನದ ನಡುಭಾಗ ದಾಟಿದ ಮೇಲೆ ಆ ಗಾಯ ಅಪರೂಪವಾಗುತ್ತ ಬಂತು. ಎರಡು ಹೋಳಿನ ಅಚ್ಚಿನಲ್ಲಿ ಮಾಡಿದ್ದರೆ ಪಕ್ಕದಲ್ಲಿ ಉದ್ದಕ್ಕೆ ಒಂದು ಏಣು ಏಳುತ್ತದೆ. ಆ ಏಣು ಕಂಠದ ಹತ್ತಿರ ಬಂದು ಮಾಯವಾದರೆ ಬಾಯಿಯನ್ನು ಆಮೇಲೆ ಕೈಯಿಂದ ತಿದ್ದಿದ್ದಾರೆ ಎಂದು ಲೆಕ್ಕ. ತುಟಿಯ ಅಂಚನ್ನೂ ದಾಟಿ ಹೋದರೆ ಅದು ಯಂತ್ರದ ಕೂಸು. ಅಮೆರಿಕದ ಮೈಕೆಲ್ ಓವೆನ್ಸ್ ತನ್ನ ಸ್ವಯಂಚಾಲಿತ ಯಂತ್ರವನ್ನು ಕಟ್ಟಿದ್ದು 1903ರ ಸುಮಾರಿಗೆ. ಬಿರಡೆ ಹಾಕುವ ಬಾಯಿಯೋ, 1892ರಲ್ಲಿ ವಿಲಿಯಂ ಪೇಂಟರ್ ಕಂಡುಹಿಡಿದ ತಗಡಿನ ಮುಚ್ಚಳದ ಬಾಯಿಯೋ ಎಂಬುದೂ ಒಂದು ಸುಳಿವು. ಬಣ್ಣವಂತೂ ಮರಳಿನ ಜಾತಕ: ಮರಳಿನಲ್ಲಿದ್ದ ಕಬ್ಬಿಣದ ಅಂಶ ಗಾಜನ್ನು ಹಸಿರಾಗಿಸುತ್ತದೆ, ಹೆಚ್ಚಾದರೆ ಕಪ್ಪೆನ್ನುವಷ್ಟು ಗಾಢವಾಗಿಸುತ್ತದೆ. ಆ ಹಸಿರನ್ನು ಮರೆಸಲು ಮ್ಯಾಂಗನೀಸ್ ಬೆರೆಸಿದ ಬಿಳಿ ಗಾಜು ವರ್ಷಗಟ್ಟಲೆ ಬಿಸಿಲು ಕಂಡರೆ ನೇರಳೆಗೆ ತಿರುಗುತ್ತದೆ. ಅಂಥದೇ ಗಾಜು ಆಳದ ಕೆಸರಿನಲ್ಲಿ ಹೂತಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಒಂದೇ ಕಾರ್ಖಾನೆಯ ಎರಡು ಸೀಸೆಗಳಲ್ಲಿ ಒಂದು ನೇರಳೆ, ಇನ್ನೊಂದು ಬಿಳಿ ಎಂದಾದರೆ ಅವು ಬೇರೆ ಬೇರೆ ಕಡೆ ಬಿದ್ದಿದ್ದವು ಎಂದೂ ಅರ್ಥವಾಗಬಹುದು.

ಹೊರದೇಶದ ಸಂಗ್ರಾಹಕರ ಕೈಪಿಡಿಗಳು ಇಷ್ಟಕ್ಕೆ ನಿಲ್ಲುತ್ತವೆ, ಅವರಿಗೆ ಅಷ್ಟು ಸಾಕು. ಅಲ್ಲಿ ಖಾಲಿಯಾದ ಸೀಸೆ ಬಹುಪಾಲು ತಿಪ್ಪೆಗೋ ನೀರಿಗೋ ಹೋಗುತ್ತಿತ್ತು. ತಯಾರಾದ ವರ್ಷಕ್ಕೂ ಬಿಸಾಡಿದ ವರ್ಷಕ್ಕೂ ದೊಡ್ಡ ಅಂತರವಿರುತ್ತಿರಲಿಲ್ಲ. ನಮ್ಮಲ್ಲಿ ಖಾಲಿ ಸೀಸೆಯ ಸಂಸಾರ ಶುರುವಾಗುವುದೇ ಆಮೇಲೆ. ಸೀಮೆಎಣ್ಣೆ, ಕೊಬ್ಬರಿಎಣ್ಣೆ, ಜೇನು, ಅರಿಷ್ಟ, ಮುರುಗಲ ಹಣ್ಣಿನ ಶರಬತ್ತು ಎಂದು ಒಂದು ಸೀಸೆ ಒಂದು ಮನೆಯಲ್ಲಿ ಎರಡು ತಲೆಮಾರು ದುಡಿದು, ಆಮೇಲೂ ಗುಜರಿಯವನ ಚೀಲ ಸೇರಿ ಮತ್ತೆಲ್ಲೋ ತುಂಬಿಸಿಕೊಳ್ಳುತ್ತದೆ. ಗೋಲಿ ಸೋಡಾ ಇದಕ್ಕೆ ಅತ್ಯುತ್ತಮ ಸಾಕ್ಷಿ. ಕತ್ತು ಹಿಸುಕಿದಂಥ ಕಂಠದೊಳಗೆ ಗಾಜಿನ ಗೋಲಿಯನ್ನು ಕೂರಿಸಿ, ಒಳಗಿನ ಅನಿಲದ ಒತ್ತಡವೇ ಅದನ್ನು ಬಾಯಿಯ ರಬ್ಬರ್ ಬಳೆಗೆ ಒತ್ತಿ ಹಿಡಿಯುವ ಆ ಸೀಸೆಗೆ ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ. ಅಲ್ಲಿ ಅದು ಸಂಗ್ರಾಹಕರ ಕಪಾಟಿನ ವಸ್ತುವಾಗಿ ಎಷ್ಟೋ ಕಾಲವಾಯಿತು. ನಮ್ಮ ಜಾತ್ರೆಗಳಲ್ಲಿ ಈಗಲೂ ಹೆಬ್ಬೆರಳಿನಿಂದ ಗೋಲಿ ಒತ್ತಿ ಕುಡಿಯುತ್ತೇವೆ. ಹಾಗಿರುವಾಗ ನದಿಯಲ್ಲಿ ಸಿಕ್ಕ ಗೋಲಿ ಸೀಸೆಯನ್ನು ನೋಡಿ ‘1880ರದ್ದು’ ಎಂದು ಚೀಟಿ ಬರೆಯುವವನು ಇಂಗ್ಲೆಂಡಿನ ಪಂಚಾಂಗವನ್ನು ತೀರ್ಥಹಳ್ಳಿಗೆ ತಂದಂತಾಯಿತು. ಗಾಜಿನ ಗುರುತುಗಳು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳಬಲ್ಲವು.

ಮೈಮೇಲೆ ಇಸವಿಯನ್ನೇ ಒತ್ತಿದ್ದರೂ ಪೂರ್ತಿ ನಂಬುವ ಹಾಗಿಲ್ಲ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮುಳುಗುಗಾರರು ಸೇಂಟ್ ಜಾರ್ಜ್ ದಿಬ್ಬದ ಬಳಿ ಮುಳುಗಿದ ಹಡಗೊಂದರಲ್ಲಿ ಸುಟ್ಟ ಮಣ್ಣಿನ ಹೆಂಚು, ಕಂಬದ ತುಂಡುಗಳನ್ನು ಕಂಡರು. ಅವುಗಳ ಮೇಲೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಇತ್ತು. ಹಡಗು 1865ರಲ್ಲಿ ಮುಳುಗಿತು ಎನ್ನೋಣವೇ? ಮಲೆನಾಡಿನ ಹಳೆಯ ಮನೆಯ ಮಾಡು ನೋಡಿದವರು ಹಾಗೆನ್ನಲಾರರು. ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ ಅದು. ಎಷ್ಟೋ ದಶಕಗಳ ನಂತರ ಮಾಡಿದ ಹೆಂಚುಗಳ ಮೇಲೂ ಅದೇ ಅಂಕಿ ಇರುತ್ತದೆ. ಔಷಧದ ಕಂಪನಿಯ ಸೀಸೆಗಳಿಗೂ ಇದೇ ನ್ಯಾಯ.

ಹಾಗಾದರೆ ಮೇಲಿನ ಗೆರೆಯನ್ನು, ‘ಇದಕ್ಕಿಂತ ಈಚಿನದಲ್ಲ’ ಎಂಬ ಗೆರೆಯನ್ನು, ಎಳೆಯುವವರು ಯಾರು? ಸಮುದ್ರದಲ್ಲಿ ಆ ಕೆಲಸವನ್ನು ಹಡಗಿನ ದುರಂತ ಮಾಡುತ್ತದೆ. ಗೋವೆಯ ಹತ್ತಿರದ ಸುಂಚಿ ದಿಬ್ಬದಲ್ಲಿ ಅದೇ ಸಂಸ್ಥೆ ಶೋಧಿಸಿದ ಪೋರ್ಚುಗೀಸ್ ಹಡಗಿನ ಅವಶೇಷದಲ್ಲಿ ಫಿರಂಗಿ, ಆನೆದಂತ, ನೀರಾನೆಯ ಹಲ್ಲು, ಚೀನೀ ಪಿಂಗಾಣಿಯ ಚೂರುಗಳ ಜೊತೆ ಗಾಜಿನ ಸೀಸೆಗಳ ತಳಗಳೂ ಸಿಕ್ಕವು. ಆ ಗಾಜಿನ ಚೂರನ್ನು 17ನೇ ಶತಮಾನದ ಆರಂಭಕ್ಕೆ ಕಟ್ಟಿ ಹಾಕಿದ್ದು ಅದರ ನೆರೆಹೊರೆ. ಒಂದೇ ಹೊತ್ತಿನಲ್ಲಿ ಎಲ್ಲವೂ ಮುಳುಗಿದ್ದರಿಂದ ಒಂದರ ವಯಸ್ಸು ಇನ್ನೊಂದಕ್ಕೆ ಜಾಮೀನು. ಭಾರತದಲ್ಲಿ ಕಡಲೊಳಗಿನ ಪುರಾತತ್ವಕ್ಕೆ 1980ರ ದಶಕದಲ್ಲಿ ಅಡಿಪಾಯ ಹಾಕಿ, ದ್ವಾರಕೆಯ ಶೋಧಕ್ಕೆ ಹೆಸರಾದವರು ಎಸ್.ಆರ್. ರಾವ್, ಇನಿಷಿಯಲ್ಲಿನಲ್ಲೇ ಶಿಕಾರಿಪುರವನ್ನು ಹೊತ್ತವರು. ಅದೇ ಶಿವಮೊಗ್ಗ ಜಿಲ್ಲೆಯ ಶರಾವತಿ ಹಿನ್ನೀರಿನಲ್ಲಿ ಅಂಥ ಶೋಧ ಒಂದು ಶಿಸ್ತಾಗಿ ಬೆಳೆಯದೆ ಇರುವುದು ಸ್ವಲ್ಪ ವಿಚಿತ್ರವೇ.

ಏಕೆಂದರೆ ಸಾಗರ, ಹೊಸನಗರ ತಾಲ್ಲೂಕುಗಳ ಕಡೆ ಮುಳುಗಡೆಗೆ ಗೊತ್ತಾದ ದಿನಾಂಕವಿದೆ, ಅದೂ ಒಂದಲ್ಲ, ಎರಡು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಗುವ ಹೊತ್ತಿಗೆ ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಶರಾವತಿಯನ್ನು ತಡೆದು ನಿಲ್ಲಿಸಿತು. 1964ರಲ್ಲಿ ಅದೇ ನದಿಯ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದಾಗ ಹಿರೇಭಾಸ್ಕರವೇ ನೀರಿನಡಿ ಹೋಯಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಎದ್ದು ಕಾಣುವುದನ್ನು ನೋಡಲು ಜನ ಹೋಗುತ್ತಾರೆ. ಹೀಗಾಗಿ ಈ ಹಿನ್ನೀರಿನ ನೆಲದಲ್ಲಿ ಎರಡು ದಡಗಳಿವೆ: ಒಳಗಿನದು ಹಿರೇಭಾಸ್ಕರದ್ದು, ಹೊರಗಿನದು ಲಿಂಗನಮಕ್ಕಿಯದು. ಒಳಗಿನ ದಡದ ಕೆಳಗೆ, ಮನೆಯ ತಳಪಾಯದ ಮಗ್ಗುಲಲ್ಲಿ ಕೆಸರೊಳಗೆ ಹೂತ ಸೀಸೆ 1948ರ ಹೊತ್ತಿಗೆ ಆ ಮನೆಯಲ್ಲಿದ್ದದ್ದು. ಎರಡು ದಡಗಳ ನಡುವಿನದಾದರೆ ಇನ್ನೂ ಹದಿನಾರು ವರ್ಷಗಳ ಅವಕಾಶ ಸಿಗುತ್ತದೆ. ತಗಡಿನ ಮುಚ್ಚಳದ ಸೀಸೆ ಒಳದಡದ ಊರುಗಳಲ್ಲಿ ಎಷ್ಟಿತ್ತು, ಹೊರದಡದವುಗಳಲ್ಲಿ ಎಷ್ಟಿತ್ತು ಎಂದು ಗುರುತಿಸುತ್ತ ಹೋದರೆ, ಪೇಟೆಯ ಸರಕು ಶರಾವತಿ ಕಣಿವೆಯ ಒಳಮನೆಗಳಿಗೆ ಯಾವಾಗ ಹೊಕ್ಕಿತು ಎನ್ನುವುದಕ್ಕೆ ಕಾಗದದ ದಾಖಲೆ ಕೊಡದ ಉತ್ತರ ಸಿಕ್ಕೀತು. ಕವಲೇದುರ್ಗದ ಕೊಳಕ್ಕೆ ಈ ಸೌಲಭ್ಯವಿಲ್ಲ. ಅದು ತೆರೆದೇ ಇದೆ, ಯಾರು ಯಾವಾಗ ಏನು ಎಸೆದರೂ ಒಳಗೆ ಬಿಟ್ಟುಕೊಳ್ಳುತ್ತದೆ.

ಹಿನ್ನೀರೂ ಅಷ್ಟು ಭದ್ರವಾದ ಪೆಟ್ಟಿಗೆಯಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತು ನ್ಯಾಯವಾದದ್ದೇ. ಲಾಂಚುಗಳು ಓಡಾಡಿವೆ, ಮೀನು ಹಿಡಿಯುವವರಿದ್ದಾರೆ, ನೀರು ಇಳಿದ ಅಂಚಿನಲ್ಲಿ ದನ ಮೇಯುತ್ತವೆ, ಪ್ರವಾಸಿಗರು ಊಟ ಮಾಡುತ್ತಾರೆ. ಬಿರಡೆ ಬಿಗಿದ ಖಾಲಿ ಸೀಸೆ ತೇಲಿಕೊಂಡು ಎಲ್ಲಿಗೋ ಹೋಗಿ ಮುಳುಗಬಹುದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಕ್ಕಿಂತ ಬಿಗಿ ಮಾಡುತ್ತದೆ. ಕೆಸರಿನ ಮೇಲೆ ಸುಮ್ಮನೆ ಬಿದ್ದಿದ್ದಕ್ಕೂ ಕೆಸರಿನೊಳಗೆ ಹೂತಿದ್ದಕ್ಕೂ, ಬೇಸಿಗೆಯಲ್ಲಿ ಬಯಲಾಗುವ ಅಂಚಿಗೂ ಎಂದೂ ಬಯಲಾಗದ ಆಳಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ನಿರ್ಣಾಯಕ ಎಂದಾದರೆ, ಆ ವ್ಯತ್ಯಾಸ ಗೊತ್ತಿರುವುದು ಸೀಸೆಯನ್ನು ಎತ್ತಿದವನೊಬ್ಬನಿಗೇ. ಅವನು ಬರೆದಿಡದೆ ಎತ್ತಿದ ಕ್ಷಣಕ್ಕೆ ಅದು ಹೋಯಿತು.

ಇನ್ನು ತೊಳೆಯುವ ವಿಷಯ. ಗಾಜು ನೀರಿಗೆ ಜಗ್ಗದ ವಸ್ತು ಎಂಬುದು ನಮ್ಮ ನಂಬಿಕೆ. ವಾಸ್ತವದಲ್ಲಿ ನೀರು ಗಾಜಿನೊಳಗಿನ ಸೋಡಿಯಂ, ಪೊಟ್ಯಾಸಿಯಂ ಕ್ಷಾರಗಳನ್ನು ಮೆಲ್ಲಗೆ ಹೀರುತ್ತದೆ. ಹೊರಮೈಯಲ್ಲಿ ಕ್ಷಾರ ಕಳೆದುಕೊಂಡ, ನೀರು ಕುಡಿದ ತೆಳುಪದರಗಳು ಉಳಿಯುತ್ತವೆ. ಹಳೆಯ ಸೀಸೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ನವಿಲುಗರಿಯಂಥ ಬಣ್ಣ ಈ ಪದರಗಳ ಆಟ. ನೀರಿನಲ್ಲಿರುವಷ್ಟು ಹೊತ್ತೂ ಅವು ಗಟ್ಟಿಯಾಗಿ ಕೂತಿರುತ್ತವೆ. ಬಿಸಿಲಿಗಿಟ್ಟು ಥಟ್ಟನೆ ಒಣಗಿಸಿದರೆ ಸುಲಿದು ಉದುರುತ್ತವೆ, ಅವುಗಳ ಜೊತೆ ಸಣ್ಣಕ್ಷರದಲ್ಲಿ ಒತ್ತಿದ ಹೆಸರೂ ಹೋಗಬಹುದು. ಕಡಲಿನ ಸೀಸೆಗೆ ಉಪ್ಪಿನ ಕಾಟ ಬೇರೆ: ಪದರಗಳೊಳಗೆ ಇಳಿದ ಉಪ್ಪು ಒಣಗುವಾಗ ಹರಳುಗಟ್ಟಿ ಒಳಗಿನಿಂದ ಒಡೆಯುತ್ತದೆ. ಅದಕ್ಕೇ ಅದನ್ನು ಸಿಹಿನೀರಿನಲ್ಲಿ ವಾರಗಟ್ಟಲೆ ನೆನೆಸಿ, ನೀರು ಬದಲಿಸುತ್ತ, ಕೊನೆಗೆ ಬಟ್ಟಿಯಿಳಿಸಿದ ನೀರಿಗೆ ತರಬೇಕು. ಹಿನ್ನೀರಿನ ಸೀಸೆಗೆ ಉಪ್ಪಿನ ತಾಪತ್ರಯವಿಲ್ಲ, ಜಂಬಿಟ್ಟಿಗೆ ನೆಲದ ಕೆಂಪು ಕಬ್ಬಿಣದ ಕರೆ ಇರುತ್ತದೆ. ಅದು ಸಿಕ್ಕ ಜಾಗದ ನೀರಿನಲ್ಲೇ ಮುಳುಗಿಸಿಟ್ಟು ತಂದು, ಮೆತ್ತನೆಯ ಕುಂಚ, ಬಿದಿರುಕಡ್ಡಿಗಳಿಂದ ಹೊರಗಿನ ಮಣ್ಣನ್ನಷ್ಟೇ ಬಿಡಿಸಿ, ನೆರಳಿನಲ್ಲಿ ನಿಧಾನವಾಗಿ ಆರಲು ಬಿಡುವುದು ಸರಿಯಾದ ಕ್ರಮ. ಒಳಗಿನ ಕೆಸರನ್ನು ನಲ್ಲಿಗೆ ಹಿಡಿದು ಚೆಲ್ಲಬಾರದು. ತಳದಲ್ಲಿ ಎಣ್ಣೆಯ ಜಿಡ್ಡೋ ಔಷಧದ ಗಸಿಯೋ ಉಳಿದಿದ್ದರೆ ಪ್ರಯೋಗಾಲಯಕ್ಕೆ ಅದೇ ಮುಖ್ಯ. ಮಾರುವವರ ದಾರಿ ಬೇರೆ. ಅವರು ಆಸಿಡ್ ಹಾಕುತ್ತಾರೆ, ಇಲ್ಲವೆ ತಾಮ್ರದ ತಂತಿಯ ಚೂರು ಮತ್ತು ಹೊಳಪಿನ ಪುಡಿಯ ಜೊತೆ ಸೀಸೆಯನ್ನು ಉರುಳೆಯಲ್ಲಿ ದಿನಗಟ್ಟಲೆ ತಿರುಗಿಸಿ ಹೊರಪದರವನ್ನೇ ಸವೆಸುತ್ತಾರೆ. ಬರುವುದು ಹೊಚ್ಚಹೊಸದರಂಥ ಸೀಸೆ. ಹೊಸದರಂತೆಯೇ ಕಾಣಬೇಕಿದ್ದರೆ ಹಳೆಯದನ್ನು ಹುಡುಕುವ ಉಸಾಬರಿ ಏಕೆ ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರವಿದ್ದಂತಿಲ್ಲ.

‘ಕೊನೆಗೂ ಇದು ಕಸ ತಾನೇ’ ಎನ್ನುವವರಿಗೆ ಮಲೇರಿಯಾವನ್ನು ನೆನಪಿಸಬೇಕು. ಮಲೆನಾಡಿನ ಹಳೆಯ ಬದುಕಿನಲ್ಲಿ ಚಳಿಜ್ವರದಷ್ಟು ಜನರನ್ನು ಹಣ್ಣು ಮಾಡಿದ್ದು ಕಡಿಮೆ. ಕ್ವಿನೈನಿನ ಕಹಿ ಮಿಕ್ಶ್ಚರ್ ಆಗ ಇಲ್ಲಿನ ಆಸ್ಪತ್ರೆಗಳ ನಿತ್ಯದ ಸರಕಾಗಿತ್ತು. ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಸೀಸೆಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ನೀರಿನಲ್ಲಿ ಕಾಗದ ಉಳಿಯುವುದಿಲ್ಲ, ಸೀಸೆ ಉಳಿಯುತ್ತದೆ. ಒಂದು ಒಂಟಿ ಮನೆಯ ಹಿತ್ತಿಲಲ್ಲಿ ಅಂಥವು ರಾಶಿಯಾಗಿ ಸಿಕ್ಕರೆ ಆ ಮನೆಯವರು ಆಸ್ಪತ್ರೆಯ ದಾರಿ ತುಳಿಯುತ್ತಿದ್ದರು ಎಂದಾಯಿತು. ಅದೇ ಸೀಸೆಗಳು ತೊಳೆದು ಅಂಗಡಿಯ ಕಪಾಟಿಗೆ ಬಂದರೆ ಬರೀ ಗಾಜು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಸರ್ಕಾರವಂತೂ ಹಿನ್ನೀರಿನ ತಳ ಹುಡುಕಲು ಹೊರಡುವುದಿಲ್ಲ, ಹವ್ಯಾಸಿಗಳು ಎತ್ತದಿದ್ದರೆ ಅವು ಅಲ್ಲೇ ಹೂತು ಹೋಗುತ್ತವೆ. ಅರ್ಧ ಒಪ್ಪುತ್ತೇನೆ. ಅಲೆ ಬಡಿಯುವ ಕಡಲದಿಬ್ಬದಲ್ಲಿ ಬಿಟ್ಟ ಸೀಸೆ ಒಂದಲ್ಲ ಒಂದು ದಿನ ಪುಡಿಯಾಗುತ್ತದೆ, ಅಲ್ಲಿ ತಿಳಿದವರು ಎತ್ತುವುದೇ ಮೇಲು. ಕೆಸರಿನಲ್ಲಿ ಹೂತದ್ದಕ್ಕೆ ಆ ಅವಸರವಿಲ್ಲ. ಅಪಾಯ ಇರುವುದು ಮುಳುಗುವವನಿಗೆ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಸುಮಾರು 554 ಮೀಟರ್. ಸುಮಾರು 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ, ನೇತ್ರಾಣಿಯಲ್ಲಿ ಕಲಿತ ಆಳ ಮತ್ತು ಸಮಯದ ಲೆಕ್ಕವನ್ನು ಇಲ್ಲಿ ಹಾಗೇ ಬಳಸುವಂತಿಲ್ಲ. ಬಳಸಿದರೆ ಮೇಲೇಳುವಾಗ ರಕ್ತದಲ್ಲಿ ಸಾರಜನಕ ಗುಳ್ಳೆಗಟ್ಟುವ ಅಪಾಯ ಹೆಚ್ಚು. ಕಡಿಯದೆ ಬಿಟ್ಟ ಕಾಡಿನ ಬೊಡ್ಡೆಗಳು, ಕೈ ಚಾಚಿದರೆ ಕೈ ಕಾಣದಂಥ ಕದಡು ಇವು ಬೇರೆ. ಅಣೆಕಟ್ಟಿನ ನೀರಿಗಿಳಿಯಲು ಅನುಮತಿ ಬೇಕು, ಶರಾವತಿ ಕಣಿವೆಯ ಬಹುಭಾಗ ವನ್ಯಧಾಮ. ನೂರು ವರ್ಷ ದಾಟಿದ ವಸ್ತುವಿನ ಮಾರಾಟ, ಸಾಗಣೆಗಳ ಮೇಲೆ 1972ರ ಪುರಾತನ ವಸ್ತುಗಳ ಕಾಯ್ದೆಯ ಕಣ್ಣೂ ಇದೆ.

ಹಾಗೆ ನೋಡಿದರೆ ಶರಾವತಿಯಲ್ಲಿ ಈ ಕಸುಬಿನ ಮೊದಲ ಪಾಠಕ್ಕೆ ಸಿಲಿಂಡರೇ ಬೇಕಿಲ್ಲ. ನೀರು ತೀರಾ ಇಳಿದ ವರ್ಷದ ಮೇ ತಿಂಗಳಲ್ಲಿ ಮಡೇನೂರಿನ ಕಡೆ ನಡೆದು ಹೋಗುವವರ ಜೇಬಿನಲ್ಲೆಲ್ಲ ಮೊಬೈಲ್ ಇರುತ್ತದೆ. ಸೀಸೆ ಕಂಡಲ್ಲೇ, ಮುಟ್ಟುವ ಮೊದಲು, ಸುತ್ತಲಿನ ತಳಪಾಯದ ಕಲ್ಲು ಸೇರುವಂತೆ ಒಂದು ಚಿತ್ರ. ಫೋನಿನಲ್ಲಿ ಸಿಗುವ ಅಕ್ಷಾಂಶ, ರೇಖಾಂಶ. ಮೇಲೆ ಬಿದ್ದಿತ್ತೋ ಹೂತಿತ್ತೋ ಎಂಬ ಒಂದು ಸಾಲು. ಇಷ್ಟನ್ನು ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಕೆಳದಿಯ ವಸ್ತುಸಂಗ್ರಹಾಲಯಕ್ಕೋ ಕಳಿಸಿ, ಸೀಸೆಯನ್ನು ಇದ್ದಲ್ಲೇ ಬಿಟ್ಟು ಬರಬಹುದು. ಮುಳುಗಡೆಯಾಗಿ ಎದ್ದು ಹೋದ ಮನೆತನಗಳ ಹಿರಿಯರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಚಿತ್ರದಲ್ಲಿರುವ ತಳಪಾಯ ಯಾರ ಮನೆಯದು, ಅಲ್ಲಿ ಅಂಗಡಿಯಿತ್ತೋ ಸೋಡಾ ಯಂತ್ರವಿತ್ತೋ ಎಂದು ಹೇಳಬಲ್ಲವರು ಅವರು ಮಾತ್ರ. ಸೀಸೆ ಇನ್ನೂ ನೂರು ವರ್ಷ ಕೆಸರಿನಲ್ಲಿ ಕಾಯಬಲ್ಲದು, ಆ ಹಿರಿಯರಿಗೆ ಅಷ್ಟು ಬಿಡುವಿಲ್ಲ; ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಅವರ ಮನೆಯ ಜಗುಲಿಯಿಂದ.