ವಲೆನ್ಸಿಯಾದ ವಾಸ: ತಪ್ಪು ಕಲ್ಪನೆ ಮತ್ತು ಸತ್ಯ

ಉದ್ಯೋಗವನ್ನು ಅರಸಿ ಊರು ಬಿಡುವುದು ಮನುಷ್ಯಕುಲಕ್ಕೆ ಹೊಸದಲ್ಲ. ಆದರೆ ಇರುವ ಉದ್ಯೋಗವನ್ನು ಬಿಡದೆ, ಅದನ್ನು ಲ್ಯಾಪ್‌ಟಾಪಿನೊಡನೆ ಚೀಲದಲ್ಲಿರಿಸಿಕೊಂಡು, ಮನಸ್ಸಿಗೊಪ್ಪಿದ ಊರಿಗೆ ಹೋಗಿ ನೆಲಸುವುದು ನಮ್ಮ ಕಾಲಕ್ಕೆ ಮಾತ್ರವೇ ಸಾಧ್ಯವಾದ ಸಂಗತಿ. 2020ರ ಮಹಾಮಾರಿಯ ತರುವಾಯ ಈ ಬಗೆಯ ಉದ್ಯೋಗಿಗಳನ್ನು ಬಹುವಾಗಿ ಸೆಳೆದ ದೇಶಗಳಲ್ಲಿ ಸ್ಪೇನ್ ಒಂದು; ಅಲ್ಲಿಯ ನಗರಗಳಲ್ಲಿ, ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಗಳ ನಂತರ ಮೂರನೆಯದೆನಿಸಿದ, ಸುಮಾರು ಎಂಟು ಲಕ್ಷ ಜನವಸತಿಯುಳ್ಳ, ಮೆಡಿಟರೇನಿಯನ್ ತೀರದ ವಲೆನ್ಸಿಯಾದ ಹೆಸರು ಈಗ ಬೆಂಗಳೂರಿನ ತಂತ್ರಾಂಶ ಉದ್ಯೋಗಿಗಳ ಮಾತಿನಲ್ಲಿಯೂ ಕೇಳಿಬರುತ್ತಿದೆ. ಹೆಸರು ಹಬ್ಬಿದಂತೆ ಅದರ ಸುತ್ತ ಭ್ರಮೆಗಳೂ ಹಬ್ಬಿವೆ. ಅವೆಲ್ಲವುಗಳ ಮೂಲದಲ್ಲಿರುವುದು ಒಂದೇ ನಂಬಿಕೆ: ಕೆಲಸವು ದೂರದ್ದಾದ ಮಾತ್ರಕ್ಕೆ ಬಾಳುವೆಯೂ ಊರಿನ ಹಂಗಿಲ್ಲದೆ ನಡೆದೀತೆಂಬುದು. ದುಡಿಮೆಯನ್ನು ದೂರದಿಂದ ಮಾಡಬಹುದು, ವಾಸವನ್ನು ದೂರದಿಂದ ಮಾಡಲಾಗದು; ಈ ಒಂದು ವಿವೇಕವನ್ನು ಮನದಲ್ಲಿಟ್ಟುಕೊಂಡು ಆ ಭ್ರಮೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತವಾಗಿದೆ.

ತಪ್ಪು ಕಲ್ಪನೆ: ಪ್ರವಾಸಿ ವೀಸಾ ಇದ್ದರೆ ಸಾಕು, ಕೆಲಸವಂತೂ ಹೊರದೇಶದ್ದು.

ಸತ್ಯ: ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ಪ್ರವಾಸಿ ವೀಸಾ ಕೊಡುವ ಅವಕಾಶವು ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ, ಅದು ನೋಡಿ ಹೋಗುವವರಿಗೆ ಕೊಟ್ಟ ಅನುಮತಿಯೇ ಹೊರತು ದುಡಿದು ನೆಲಸುವವರಿಗೆ ಕೊಟ್ಟದ್ದಲ್ಲ. ದೂರದಿಂದ ದುಡಿಯುವವರಿಗಾಗಿಯೇ ಸ್ಪೇನ್ ಸರ್ಕಾರವು 2022ರ ಡಿಸೆಂಬರ್ ತಿಂಗಳಲ್ಲಿ 28/2022ನೆಯ ಸಂಖ್ಯೆಯ ಕಾನೂನಿನ ಮೂಲಕ ಪ್ರತ್ಯೇಕ ವೀಸಾವೊಂದನ್ನು ಏರ್ಪಡಿಸಿರುವುದು. ಇದನ್ನು ಬಯಸುವವರು ವಿಶ್ವವಿದ್ಯಾನಿಲಯದ ಪದವಿಯನ್ನಾಗಲಿ ಮೂರು ವರ್ಷಗಳ ವೃತ್ತಿಯ ಅನುಭವವನ್ನಾಗಲಿ ತೋರಿಸಬೇಕು. ತಾವು ದುಡಿಯುವ ಸಂಸ್ಥೆಯು ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿದೆಯೆಂಬುದನ್ನೂ, ಅದರೊಡನೆ ತಮ್ಮ ಸಂಬಂಧವು ಮೂರು ತಿಂಗಳಿಗೆ ಕಡಿಮೆಯಿಲ್ಲದ್ದೆಂಬುದನ್ನೂ, ದೂರದಿಂದ ಕೆಲಸ ಮಾಡಲು ಅದರ ಒಪ್ಪಿಗೆಯಿದೆಯೆಂಬುದನ್ನೂ ಬರಹದಲ್ಲಿ ಸ್ಥಾಪಿಸಬೇಕು. ಸ್ವತಂತ್ರ ವೃತ್ತಿಯವರಾದರೆ ತಮ್ಮ ಕೆಲಸದ ಶೇಕಡ 20ನ್ನು ಮೀರದಂತೆ ಸ್ಪೇನಿನ ಗಿರಾಕಿಗಳಿಗೂ ಸೇವೆ ಸಲ್ಲಿಸಬಹುದು.

ವರಮಾನದ ನಿಯಮವೂ ಲಘುವಾದುದಲ್ಲ. ದೇಶದ ಕನಿಷ್ಠ ವೇತನದ ಎರಡರಷ್ಟು ಸಂಪಾದನೆಯಿರಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು 2,763 ಯೂರೋ, ಅಂದರೆ ಎರಡೂವರೆ ಲಕ್ಷ ರೂಪಾಯಿಯನ್ನು ಮೀರಿದ ಮೊತ್ತ. ಜೊತೆಯಲ್ಲಿ ಬರುವ ಕುಟುಂಬದ ಮೊದಲನೆಯ ವ್ಯಕ್ತಿಗೆ ಕನಿಷ್ಠ ವೇತನದ ಶೇಕಡ 75ನ್ನೂ, ಅನಂತರದ ಪ್ರತಿಯೊಬ್ಬರಿಗೆ ಶೇಕಡ 25ನ್ನೂ ಇದಕ್ಕೆ ಕೂಡಿಸಬೇಕು. ಇದಲ್ಲದೆ ಸಾಮಾಜಿಕ ಭದ್ರತೆಯ ವ್ಯವಸ್ಥೆ ಹೇಗೆಂಬುದು ಮೊದಲೇ ತೀರ್ಮಾನವಾಗಿರತಕ್ಕದ್ದು. ಅನೇಕರ ಅರ್ಜಿಗಳು ತೊಡಕಿಗೆ ಸಿಲುಕುವುದು ಇಲ್ಲಿಯೇ. ಆದುದರಿಂದ ಸಂಸ್ಥೆಗೆ ತಿಳಿಸದೆ ಹೋಗಿ ನೆಲಸಿ ನೋಡೋಣವೆಂಬ ಆಲೋಚನೆಯು ಮೊದಲಿನಿಂದಲೇ ಕೈಬಿಡತಕ್ಕದ್ದು.

ತಪ್ಪು ಕಲ್ಪನೆ: ಸಂಬಳವು ಹೊರದೇಶದಿಂದ ಬರುವುದರಿಂದ ಸ್ಪೇನಿಗೆ ತೆರಿಗೆ ಕೊಡಬೇಕಾಗಿಲ್ಲ, ಕೊಟ್ಟರೂ ಎಲ್ಲರಿಗೂ ಶೇಕಡ 24 ಮಾತ್ರ.

ಸತ್ಯ: ಒಂದು ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚಾಗಿ ಸ್ಪೇನಿನಲ್ಲಿ ಇರುವವನನ್ನು ಅಲ್ಲಿಯ ಕಾನೂನು ತೆರಿಗೆಯ ದೃಷ್ಟಿಯಿಂದ ನಿವಾಸಿಯೆಂದು ಗಣಿಸುವುದು, ಹಾಗೆ ಗಣಿತನಾದವನ ವರಮಾನವು ಪ್ರಪಂಚದ ಯಾವ ಮೂಲೆಯಿಂದ ಬಂದರೂ ಅಲ್ಲಿಯ ತೆರಿಗೆಗೆ ಒಳಪಡುವುದು, ಮತ್ತು ವರಮಾನ ಏರಿದಂತೆ ದರವೂ ಏರುವುದು. ಶೇಕಡ 24ರ ದರವು ಬೇರೊಂದು ವಿಶೇಷ ಏರ್ಪಾಟಿಗೆ ಸೇರಿದುದು. 2003ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡಕ್ಕೆ ಬಂದ ಕಾಲ್ಚೆಂಡಿನ ಆಟಗಾರ ಡೇವಿಡ್ ಬೆಕ್ಹಮ್ ಅದರ ಪ್ರಯೋಜನ ಪಡೆದ ಮೊದಲಿಗರಲ್ಲಿ ಒಬ್ಬನಾದುದರಿಂದ ಜನರು ಅದನ್ನು ಬೆಕ್ಹಮ್ ಕಾನೂನೆಂದೇ ಕರೆಯುವುದುಂಟು. ಬಂದ ವರ್ಷಕ್ಕೂ ಅನಂತರದ ಐದು ವರ್ಷಗಳಿಗೂ, ಆರು ಲಕ್ಷ ಯೂರೋಗಳವರೆಗಿನ ವೇತನಕ್ಕೆ ಇದು ಅನ್ವಯಿಸುವುದು. ಆದರೆ ಇದು ತಾನಾಗಿಯೇ ದೊರೆಯುವುದಿಲ್ಲ. ಹಿಂದಿನ ಐದು ವರ್ಷ ಸ್ಪೇನಿನ ನಿವಾಸಿಯಾಗಿರದವರು, ಅಲ್ಲಿ ಕೆಲಸ ಆರಂಭಿಸಿದ ಆರು ತಿಂಗಳೊಳಗಾಗಿ ಅರ್ಜಿ ಸಲ್ಲಿಸಿ ಪಡೆಯತಕ್ಕ ಸೌಲಭ್ಯವಿದು. ವೇತನದಾರರಿಗೆ ಸಲ್ಲುವ ಈ ಸೌಲಭ್ಯವು ಹಲವು ಗಿರಾಕಿಗಳಿಗೆ ಸ್ವತಂತ್ರವಾಗಿ ದುಡಿಯುವವರಿಗೆ ಸಾಮಾನ್ಯವಾಗಿ ದೊರೆಯದು.

ಇನ್ನೊಂದು ಸಂಗತಿಯನ್ನು ನಮ್ಮವರು ಅವಶ್ಯವಾಗಿ ಗಮನಿಸಬೇಕು. ಸಾಮಾನ್ಯ ದರದಲ್ಲಿ ತೆರಿಗೆ ಕೊಡುವ ನಿವಾಸಿಯು ಹೊರದೇಶದಲ್ಲಿರುವ ತನ್ನ ಬ್ಯಾಂಕಿನ ಠೇವಣಿ, ಷೇರುಗಳು, ಸ್ಥಿರಾಸ್ತಿ, ಇವುಗಳಲ್ಲಿ ಯಾವ ಒಂದು ವರ್ಗದ ಬೆಲೆ 50,000 ಯೂರೋಗಳನ್ನು ಮೀರಿದರೂ ಅದನ್ನು ಅಲ್ಲಿಯ ತೆರಿಗೆ ಇಲಾಖೆಗೆ ತಿಳಿಸಬೇಕಾಗುವುದು. ಬೆಂಗಳೂರಿನಲ್ಲಿ ಸ್ವಂತಕ್ಕೆ ಒಂದು ಫ್ಲ್ಯಾಟ್ ಉಳ್ಳವನಿಗೆ ಈ ಮಿತಿಯನ್ನು ದಾಟಲು ಹೆಚ್ಚಿನ ಸಿರಿವಂತಿಕೆ ಬೇಕಾಗಿಲ್ಲ. ಭಾರತಕ್ಕೂ ಸ್ಪೇನಿಗೂ ಇಮ್ಮಡಿ ತೆರಿಗೆಯನ್ನು ತಪ್ಪಿಸುವ ಒಪ್ಪಂದವಿರುವುದು ನಿಜ. ಒಪ್ಪಂದವು ಒಂದೇ ಹಣಕ್ಕೆ ಎರಡು ಬಾರಿ ತೆರುವುದನ್ನು ತಪ್ಪಿಸುವುದೇ ಹೊರತು, ಲೆಕ್ಕ ಒಪ್ಪಿಸುವ ಹೊಣೆಯನ್ನು ತಪ್ಪಿಸುವುದಿಲ್ಲ.

ತಪ್ಪು ಕಲ್ಪನೆ: ವಲೆನ್ಸಿಯಾದಲ್ಲಿ ಮನೆ ಅಗ್ಗ, ಹಣವಿದ್ದವರಿಗೆ ಒಂದು ವಾರದಲ್ಲಿ ಸಿಕ್ಕೀತು.

ಸತ್ಯ: ಹಿಂದೊಮ್ಮೆ ಅಗ್ಗವಾಗಿದ್ದುದು ಈಗ ಹಾಗೆ ಉಳಿದಿಲ್ಲ. ಬಾಡಿಗೆಯ ಏರಿಕೆಯನ್ನು ತಾಳಲಾರದೆ 2024ರ ಅಕ್ಟೋಬರ್ ತಿಂಗಳಲ್ಲಿ ಇದೇ ನಗರದ ಸಾವಿರಾರು ಮಂದಿ ಬೀದಿಗಿಳಿದು ಪ್ರತಿಭಟಿಸಿದರು. ಈ ಸಂಕಟ ವಲೆನ್ಸಿಯಾದ್ದು ಮಾತ್ರವಲ್ಲ; ಬಾರ್ಸಿಲೋನಾದ ನಗರಾಡಳಿತವು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸುಮಾರು ಹತ್ತು ಸಾವಿರ ಮನೆಗಳ ಪರವಾನಗಿಯನ್ನು 2028ರ ವೇಳೆಗೆ ಕೊನೆಗಾಣಿಸುವುದಾಗಿ ಅದೇ ವರ್ಷ ಪ್ರಕಟಿಸಿತು. ಇನ್ನು ವಲೆನ್ಸಿಯಾದ ಮನೆಯೊಡೆಯರು ಸ್ಪೇನಿನ ವೇತನಚೀಟಿಯನ್ನು ಕೇಳುವುದು ವಾಡಿಕೆ. ಹೊರದೇಶದ ಸಂಬಳ ಎಷ್ಟೇ ದೊಡ್ಡದಾದರೂ ಅದರ ಕಾಗದಗಳನ್ನು ಅವರು ಸುಲಭವಾಗಿ ನಂಬುವುದಿಲ್ಲ.

ಆದರೆ ಬಾಡಿಗೆದಾರನ ರಕ್ಷಣೆಗೆ ಕಾನೂನು ಇಲ್ಲದಿಲ್ಲ, ಅದನ್ನು ತಿಳಿದಿರುವುದು ಹಿತಕರ. ನಿತ್ಯವಾಸಕ್ಕಾಗಿ ಮಾಡಿಕೊಂಡ ಕರಾರಿನಲ್ಲಿ, ಮನೆಯೊಡೆಯನು ಖಾಸಗಿ ವ್ಯಕ್ತಿಯಾಗಿದ್ದರೆ ಐದು ವರ್ಷ, ಸಂಸ್ಥೆಯಾಗಿದ್ದರೆ ಏಳು ವರ್ಷ ಆ ಮನೆಯಲ್ಲಿ ಮುಂದುವರಿಯುವ ಹಕ್ಕು ಬಾಡಿಗೆದಾರನಿಗೆ ಉಂಟು. ಕಾನೂನು ವಿಧಿಸಿದ ಠೇವಣಿ ಒಂದು ತಿಂಗಳ ಬಾಡಿಗೆ. ಅದರ ಮೇಲೆ ಕೇಳಬಹುದಾದ ಭದ್ರತೆಯು ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಟ್ಟು ಅಭ್ಯಾಸವಾದ ಬೆಂಗಳೂರಿಗರಿಗೆ ಇದು ಸಮಾಧಾನ ತರುವ ಮಾತು. 2023ರ ವಸತಿ ಕಾನೂನಿನ ಪ್ರಕಾರ ದಲ್ಲಾಳಿಯ ಶುಲ್ಕವನ್ನು ಮನೆಯೊಡೆಯನೇ ತೆರತಕ್ಕದ್ದು. ಈ ರಕ್ಷಣೆಗಳಿಂದ ನುಣುಚಿಕೊಳ್ಳುವ ಸಲುವಾಗಿ ಹನ್ನೊಂದು ತಿಂಗಳ ತಾತ್ಕಾಲಿಕ ಕರಾರನ್ನು ಮುಂದೊಡ್ಡುವವರೂ ಇದ್ದಾರೆ. ದೂರದುದ್ಯೋಗಿಗಳು ಅವಸರದಲ್ಲಿ ಸಹಿ ಮಾಡುವುದು ಬಹುಮಟ್ಟಿಗೆ ಇಂಥವುಗಳಿಗೇ. ಇಂಥ ಒಂದೊಂದು ಸಹಿಯೂ ಆ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ಸಲ್ಲಬೇಕಾದ ಮನೆಗಳ ಸಂಖ್ಯೆಯನ್ನು ಕುಗ್ಗಿಸುತ್ತದೆಂಬುದನ್ನು ಬರುವವರು ಮರೆಯಬಾರದು.

ತಪ್ಪು ಕಲ್ಪನೆ: ಸ್ಪೇನಿನವರು ಮಧ್ಯಾಹ್ನವೆಲ್ಲ ನಿದ್ರಿಸುವ ನಿಧಾನಜೀವಿಗಳು.

ಸತ್ಯ: ನಗರವಾಸಿಗಳಾದ ಸ್ಪೇನಿನವರಲ್ಲಿ ಹೆಚ್ಚಿನವರಿಗೆ ದುಡಿಮೆಯ ದಿನಗಳಲ್ಲಿ ಹಗಲುನಿದ್ರೆಯೆಂಬುದು ಇಲ್ಲವೇ ಇಲ್ಲ; ವರ್ಷದ ಲೆಕ್ಕದಲ್ಲಿ ಅವರು ಜರ್ಮನಿಯ ದುಡಿಮೆಗಾರರಿಗಿಂತ ಹೆಚ್ಚು ಗಂಟೆ ದುಡಿಯುತ್ತಾರೆ. ಊಟ ಎರಡು ಗಂಟೆಯ ಮೇಲೆ, ರಾತ್ರಿಯ ಭೋಜನ ಒಂಬತ್ತರ ಮೇಲೆ ನಡೆಯುವುದನ್ನು ಕಂಡು ಅವರನ್ನು ನಿಧಾನಿಗಳೆನ್ನುವವರು ಗಡಿಯಾರದ ಚರಿತ್ರೆಯನ್ನು ಅರಿತವರಲ್ಲ. ವಲೆನ್ಸಿಯಾ ಇರುವುದು ಗ್ರೀನಿಚ್ ರೇಖೆಯ ತೀರ ಸಮೀಪದಲ್ಲಿ. ನ್ಯಾಯವಾಗಿ ಅದರ ವೇಳೆ ಲಂಡನ್ನಿನ ವೇಳೆಯೇ ಆಗಬೇಕಾಗಿದ್ದಿತು. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಆಡಳಿತವು ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬರ್ಲಿನ್ನಿನ ವೇಳೆಗೆ ಹೊಂದಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಅದು ಹಿಂದಕ್ಕೆ ಬರಲಿಲ್ಲ. ಬೇಸಗೆಯಲ್ಲಿ ಇನ್ನೊಂದು ಗಂಟೆ ಸೇರುವುದರಿಂದ ಸೂರ್ಯನು ನೆತ್ತಿಗೇರುವಾಗ ವಲೆನ್ಸಿಯಾದ ಗಡಿಯಾರದಲ್ಲಿ ಸುಮಾರು ಎರಡು ಗಂಟೆ. ಅವರು ಊಟಕ್ಕೆ ಕೂರುವುದು ಸೂರ್ಯನ ಮಧ್ಯಾಹ್ನಕ್ಕೆ. ಮುಂದೆ ಓಡಿರುವುದು ಗಡಿಯಾರವೇ ಹೊರತು ತಡವಾಗಿರುವುದು ಜನರಲ್ಲ.

ಆ ನಗರದ ದಿನಚರಿಯನ್ನು ನೋಡಬೇಕಾದರೆ ಬೆಳಗಿನ ಹತ್ತೂವರೆಗೆ ಯಾವುದಾದರೂ ಬಡಾವಣೆಯ ಬಾರಿನಲ್ಲಿ ಕುಳಿತು ನೋಡಬೇಕು. ಏಳು ಗಂಟೆಗೇ ಕೆಲಸಕ್ಕೆ ಹೋದ ಗಾರೆಯವರು, ಬಡಗಿಗಳು, ಕಚೇರಿಯ ಗುಮಾಸ್ತರು ಒಟ್ಟಿಗೆ ಬಂದು ಕೂರುವರು. ಮೊದಲು ಸಿಪ್ಪೆಯ ಕಡಲೆಕಾಯಿಯೂ ಆಲಿವ್ ಕಾಯಿಯೂ ಮೇಜಿಗೆ ಬರುವುವು, ಆಮೇಲೆ ಮೊಳದುದ್ದದ ಬ್ರೆಡ್ಡಿನೊಳಗೆ ಆಮ್ಲೆಟ್ಟನ್ನೋ ಮಾಂಸವನ್ನೋ ತುಂಬಿದ ತಿಂಡಿ, ಕೊನೆಗೆ ರಮ್ಮನ್ನು ಉರಿಸಿ ಬೆರೆಸಿದ ಕಾಫಿ. ಅರ್ಧ ಗಂಟೆಯಲ್ಲಿ ಮೇಜು ಖಾಲಿ. ಎಲ್ಲರೂ ಮತ್ತೆ ಕೆಲಸಕ್ಕೆ. ಬೆಂಗಳೂರಿನ ಸಂಸ್ಥೆಗೆ ದುಡಿಯುವವನಿಗಾದರೋ ಈ ಹೊತ್ತಿಗೆ ಕೆಲಸದ ದಿನವು ಅರ್ಧಕ್ಕೂ ಹೆಚ್ಚು ಕಳೆದಿರುವುದು. ಚಳಿಗಾಲದಲ್ಲಿ ನಾಲ್ಕೂವರೆ, ಬೇಸಗೆಯಲ್ಲಿ ಮೂರೂವರೆ ಗಂಟೆಯ ಅಂತರವಿರುವುದರಿಂದ ಇಲ್ಲಿಯ ಒಂಬತ್ತೂವರೆಯ ಸಭೆಯು ಅಲ್ಲಿ ಚಳಿಗಾಲದ ಐದು ಗಂಟೆಯ ಕತ್ತಲೆಯಲ್ಲಿ ನಡೆಯುವುದು.

ತಪ್ಪು ಕಲ್ಪನೆ: ಇಂಗ್ಲಿಷ್ ಬಂದರೆ ಸಾಕು.

ಸತ್ಯ: ಪ್ರವಾಸಿಗರ ಹೋಟೆಲಿನಲ್ಲಿ ಸಾಕು, ಬಾಳುವೆಗೆ ಸಾಲದು. ನೆಲಸಿದವನು ನಗರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು, ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ವಿದೇಶೀಯರ ಗುರುತಿನ ಚೀಟಿ ಪಡೆಯಬೇಕು. ಇವುಗಳಲ್ಲಿ ಬಹುತೇಕ ಎಲ್ಲಕ್ಕೂ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳುವುದು ಕಡ್ಡಾಯ, ಮತ್ತು ಕಿಟಕಿಯ ಆಚೆ ಕುಳಿತಿರುವ ಅಧಿಕಾರಿಯ ಮಾತು ಸ್ಪ್ಯಾನಿಷ್. ಅದೂ ಅಲ್ಲದೆ ಈ ಪ್ರಾಂತಕ್ಕೆ ಸ್ಪ್ಯಾನಿಷಿನೊಡನೆ ಸಮಾನ ಅಧಿಕಾರವುಳ್ಳ ಸ್ವಂತ ಭಾಷೆಯೊಂದುಂಟು. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ, ಪ್ರಧಾನ ಇಗರ್ಜಿಯ ಅಪೊಸ್ತಲರ ಬಾಗಿಲಿನ ಮುಂದೆ, ಕರಿಯ ನಿಲುವಂಗಿ ತೊಟ್ಟ ರೈತ ಪ್ರತಿನಿಧಿಗಳು ಅರ್ಧವರ್ತುಲವಾಗಿ ಕುಳಿತು, ತೂರಿಯಾ ನದಿಯ ಕಾಲುವೆಗಳ ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿಯೇ ವಿಚಾರಿಸಿ ತೀರ್ಪು ಕೊಡುವ ಪ್ರಾಚೀನ ಜಲನ್ಯಾಯಾಲಯದ ವ್ಯವಹಾರವೆಲ್ಲ ನಡೆಯುವುದು ಆ ವಲೆನ್ಸಿಯನ್ ಭಾಷೆಯಲ್ಲಿ. 2009ರಲ್ಲಿ ಯುನೆಸ್ಕೋ ಈ ನ್ಯಾಯಾಲಯವನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ತನ್ನ ಊರಿನಲ್ಲಿ ಹೊರಗಿನವರು ಕನ್ನಡ ಕಲಿಯಲೆಂದು ಬಯಸುವ ಕನ್ನಡಿಗನಿಗೆ, ಅಲ್ಲಿಯ ಜನರು ತಮ್ಮ ನುಡಿಯ ಬಗೆಗೆ ಏನನ್ನು ಬಯಸುವರೆಂಬುದನ್ನು ವಿವರಿಸಬೇಕಾಗಿಲ್ಲ.

ತಪ್ಪು ಕಲ್ಪನೆ: ಅಲ್ಲಿ ವರ್ಷವೆಲ್ಲ ಹಿತವಾದ ಬಿಸಿಲು.

ಸತ್ಯ: ಬಿಸಿಲು ಹೇರಳವಾಗಿರುವುದು ದಿಟ, ಆದರೆ ಹಳೆಯ ಮನೆಗಳನ್ನು ಕಟ್ಟಿರುವುದು ಬೇಸಗೆಯ ಸೆಕೆಯನ್ನು ದೂರವಿಡುವುದಕ್ಕಾಗಿ. ಜನವರಿಯಲ್ಲಿ ಬೀದಿಯಲ್ಲಿ ಎಳೆಬಿಸಿಲು ಕಾಯುತ್ತಿರುವಾಗಲೂ ಒಳಗೆ ಹಂಚಿನ ನೆಲವು ಪಾದಗಳನ್ನು ಕೊರೆಯುವುದುಂಟು. ಎಷ್ಟೋ ಮನೆಗಳಲ್ಲಿ ಬೆಚ್ಚಗಾಗಿಸುವ ಏರ್ಪಾಟೇ ಇರುವುದಿಲ್ಲ. ದಿನವಿಡೀ ಮೇಜಿನ ಮುಂದೆ ಕುಳಿತು ದುಡಿಯುವವನು ಮನೆ ಹಿಡಿಯುವಾಗ ಇದನ್ನು ಮೊದಲು ವಿಚಾರಿಸಬೇಕು.

ಇದಕ್ಕಿಂತ ಗಂಭೀರವಾದುದು ನೀರಿನ ಭಯ. 1957ರ ಅಕ್ಟೋಬರ್ 14ರಂದು ತೂರಿಯಾ ನದಿ ಉಕ್ಕಿ ನಗರವನ್ನು ಮುಳುಗಿಸಿದ ಮೇಲೆ ನದಿಯನ್ನೇ ನಗರದ ದಕ್ಷಿಣಕ್ಕೆ ಹೊಸ ಪಾತ್ರವೊಂದರಲ್ಲಿ ಹರಿಯಿಸಿದರು. ಬರಿದಾದ ಹಳೆಯ ಪಾತ್ರವೇ ಇಂದು ಎಲ್ಲರೂ ಮೆಚ್ಚುವ ಉದ್ಯಾನ. 2024ರ ಅಕ್ಟೋಬರ್ 29ರ ಮಹಾವೃಷ್ಟಿಯಲ್ಲಿ ಆ ಹೊಸ ಪಾತ್ರವು ನಗರವನ್ನು ಉಳಿಸಿತು. ಅದರಾಚೆಯ ಪೈಪೋರ್ತಾ, ಕತರ್ರೋಹಾ ಮೊದಲಾದ ಊರುಗಳು ಹಾಳಾಗಿ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಮಂದಿ ಮಡಿದರು. ದೂರವಾಣಿಗಳಿಗೆ ಸರ್ಕಾರದ ಎಚ್ಚರಿಕೆ ಬಂದುದು ರಾತ್ರಿ ಎಂಟರ ಮೇಲೆ, ಅಷ್ಟರಲ್ಲಿ ಬೀದಿಗಳು ಹೊಳೆಗಳಾಗಿದ್ದುವು. ಮುಂದಿನ ದಿನಗಳಲ್ಲಿ ನಗರದ ಸಾವಿರಾರು ಜನರು ಪೊರಕೆ, ಸಲಿಕೆ, ಬಕೆಟ್ಟು, ನೀರಿನ ಬಾಟಲಿಗಳನ್ನು ಹೊತ್ತು, ಹೊಸ ಪಾತ್ರದ ಮೇಲಣ ಕಾಲ್ಸೇತುವೆಯನ್ನು ಸಾಲಾಗಿ ದಾಟಿ, ಕಂಡರಿಯದವರ ಮನೆಗಳ ಕೆಸರನ್ನು ತೆಗೆದರು. ಊರಿನವನಾಗಿರುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕಾಗಿಲ್ಲ.

ತಪ್ಪು ಕಲ್ಪನೆ: ಎರಡು ವರ್ಷ ಇದ್ದರೆ ಪೌರತ್ವ.

ಸತ್ಯ: ಎರಡು ವರ್ಷದ ನಿಯಮವು ಮುಖ್ಯವಾಗಿ ಲ್ಯಾಟಿನ್ ಅಮೆರಿಕದ ದೇಶಗಳವರಿಗೂ ಫಿಲಿಪೈನ್ಸ್, ಪೋರ್ಚುಗಲ್ ಮೊದಲಾದ ಕೆಲವು ದೇಶಗಳವರಿಗೂ ಮಾತ್ರ ಸಲ್ಲುವುದು. ಭಾರತೀಯರಿಗೆ ಹತ್ತು ವರ್ಷಗಳ ನ್ಯಾಯಬದ್ಧ ವಾಸ ಅವಶ್ಯ. ದೀರ್ಘಕಾಲದ ವಾಸದ ಹಕ್ಕು ಐದು ವರ್ಷಗಳಿಗೆ ದೊರೆಯಬಹುದು. ಭಾರತವು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದುದರಿಂದ ಸ್ಪೇನಿನ ಪೌರನಾಗುವವನು ಭಾರತದ ಪೌರತ್ವವನ್ನು ಬಿಡಬೇಕಾಗುವುದು.

ಇಷ್ಟನ್ನು ಹೇಳಿದ್ದು ಯಾರನ್ನೂ ಹಿಂಜರಿಸುವುದಕ್ಕಲ್ಲ. ನೆರಳುಳ್ಳ ಬೀದಿಗಳು, 1928ರಲ್ಲಿ ತೆರೆದ ಭವ್ಯವಾದ ಮಾರುಕಟ್ಟೆ, ನಡೆದುಹೋಗುವಷ್ಟು ದೂರದಲ್ಲಿ ಉದ್ಯಾನ, ಮಕ್ಕಳೂ ಮುದುಕರೂ ರಾತ್ರಿ ಹತ್ತರವರೆಗೆ ನಿರ್ಭಯವಾಗಿ ಕುಳಿತಿರುವ ಚೌಕಗಳು, ಇವೆಲ್ಲ ಅಲ್ಲಿ ನಿಜವಾಗಿಯೂ ಇವೆ. ಹೋಗುವ ಯೋಗವುಳ್ಳವರು ಸಂತೋಷದಿಂದ ಹೋಗಲಿ. ಆದರೆ ಛತ್ರದಲ್ಲಿ ಇಳಿದವರಂತೆ ಇದ್ದು ಬರುವ ಮನಸ್ಸಿನಿಂದ ಹೋಗಬಾರದು. ಹೊರಡುವ ಮೊದಲು ಸಂಸ್ಥೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಎರಡೂ ದೇಶಗಳ ತೆರಿಗೆಯನ್ನು ಬಲ್ಲ ಲೆಕ್ಕಪರಿಶೋಧಕರನ್ನು ಕಾಣಿರಿ. ನಿಯಮಗಳೂ ಮೊತ್ತಗಳೂ ವರ್ಷವರ್ಷಕ್ಕೆ ಬದಲಾಗುವುದರಿಂದ ಸ್ಪೇನಿನ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ಕೊನೆಯ ಆಧಾರವಾಗಿ ತಿಳಿಯಿರಿ. ಆರು ತಿಂಗಳ ಮುಂಚಿನಿಂದಲೇ ಸ್ಪ್ಯಾನಿಷನ್ನು ಕಲಿಯತೊಡಗಿ, ಹೋದ ಮೇಲೆ ನೆರೆಯವರ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ.