ಒಂದೇ ಒಂದು ಹೊಡೆತ



2016ರ ನವೆಂಬರ್ 13, ಭಾನುವಾರ ನೆನಪಿದೆಯೇ? ಐನೂರು, ಸಾವಿರದ ನೋಟುಗಳು ರದ್ದಾಗಿ ಐದು ದಿನಗಳಾಗಿದ್ದವು. ರಜಾದಿನವಾದರೂ ಬ್ಯಾಂಕುಗಳು ತೆರೆದಿದ್ದವು. ದಹಿಸರ್‌ನಲ್ಲೂ ಜನ ಗುರುತಿನ ಚೀಟಿಯ ಝೆರಾಕ್ಸ್ ಹಿಡಿದು ಉದ್ದುದ್ದ ಕ್ಯೂನಲ್ಲಿ ನಿಂತಿದ್ದರು. ಅದೇ ದಿನ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಬೆಂಗಳೂರಿನ 18ರ ಹುಡುಗಿ ಅದಿತಿ ಅಶೋಕ್ ಮಹಿಳೆಯರ ಇಂಡಿಯನ್ ಓಪನ್ ಗಾಲ್ಫ್ ಚಾಂಪಿಯನ್‌ಷಿಪ್ ಗೆದ್ದರು. ಲೇಡೀಸ್ ಯುರೋಪಿಯನ್ ಟೂರ್‌ನ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು ಎನಿಸಿದರು. ನೋಟಿನ ಗಡಿಬಿಡಿಯಲ್ಲಿ ಆ ಸುದ್ದಿ ನಮ್ಮಲ್ಲಿ ಎಷ್ಟೋ ಜನರ ಕಿವಿಗೆ ಬೀಳಲೇ ಇಲ್ಲ.

ಬಿದ್ದಿದ್ದರೂ "ಗಾಲ್ಫ್ ತಾನೆ, ದೊಡ್ಡವರ ಆಟ" ಎಂದು ಪುಟ ತಿರುವುತ್ತಿದ್ದೆವೇನೋ. ಆದರೆ ಈ ಆಟದ ಲೆಕ್ಕ ಒಮ್ಮೆ ತಿಳಿದರೆ ಆ ಭಾನುವಾರದ ಎದೆಬಡಿತ ನಮಗೂ ಕೇಳಿಸುತ್ತದೆ.

ಗಾಲ್ಫ್ ಮೈದಾನದಲ್ಲಿ 18 ಹೋಲ್‌ಗಳು, ಅಂದರೆ ಚೆಂಡು ಸೇರಬೇಕಾದ 18 ಕುಳಿಗಳು. ಒಂದೊಂದಕ್ಕೂ ಇಷ್ಟೇ ಹೊಡೆತ ಎಂಬ ನಿಗದಿ ಇದೆ. ಅದರ ಹೆಸರು ಪಾರ್. ಹತ್ತಿರದ ಹೋಲ್‌ಗೆ 3, ನಡುವಿನದಕ್ಕೆ 4, ದೂರದ್ದಕ್ಕೆ 5. ಎಲ್ಲ ಕೂಡಿಸಿದರೆ ಸಾಮಾನ್ಯವಾಗಿ 72. ನಿಗದಿಗಿಂತ ಒಂದು ಹೊಡೆತ ಉಳಿಸಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಕ್ರಿಕೆಟ್‌ನಲ್ಲಿ ರನ್ ಹೆಚ್ಚಿದಷ್ಟೂ ಖುಷಿ. ಇಲ್ಲಿ ಎಣಿಕೆ ಕಡಿಮೆಯಾದಷ್ಟೂ ಲಾಭ. ನೂರು ಗಜ ಹಾರಿದ ಚೆಂಡಿಗೂ ಒಂದೇ ಎಣಿಕೆ, ಗೇಣುದ್ದ ಉರುಳಿದ ಚೆಂಡಿಗೂ ಒಂದೇ ಎಣಿಕೆ. ಮೊದಲ ದಿನದ ತಪ್ಪು ಕೊನೆಯ ದಿನದವರೆಗೂ ಲೆಕ್ಕದಲ್ಲಿ ಉಳಿಯುತ್ತದೆ.

ಗುರುಗ್ರಾಮದ ಪಂದ್ಯ ಮೂರು ದಿನದ್ದು. ಪಾರ್ ಒಟ್ಟು 216. ಅದಿತಿ ಮೊದಲ ದಿನ 72, ಎರಡನೇ ದಿನ 69 ಹೊಡೆತಗಳಲ್ಲಿ ಮುಗಿಸಿ ಮುಂದಿದ್ದರು. ಆದರೆ ಅದಕ್ಕೆ ಮೂರೇ ತಿಂಗಳ ಹಿಂದೆ ರಿಯೋ ಒಲಿಂಪಿಕ್ಸ್‌ನಲ್ಲೂ ಹೀಗೇ ಆಗಿತ್ತು. ಮೊದಲೆರಡು ದಿನ ಮುಂಚೂಣಿಯಲ್ಲಿದ್ದ ಹುಡುಗಿ ಕೊನೆಯೆರಡು ದಿನ ಜಾರಿ 41ನೇ ಸ್ಥಾನಕ್ಕೆ ಇಳಿದಿದ್ದರು. ಈ ಸಲವೂ ಕೊನೆಯ ದಿನ ಎದುರಾಳಿಗಳು ಬೆನ್ನು ಹತ್ತಿದರು: ಅಮೆರಿಕದ ಬ್ರಿಟನಿ ಲಿನ್ಸಿಕೋಮ್, ಸ್ಪೇನ್‌ನ ಬೆಲೆನ್ ಮೋಜೋ. ಕೊನೆಯ ಹೋಲ್‌ಗೆ ಬಂದಾಗ ಗೆಲ್ಲಬೇಕಾದರೆ ಬರ್ಡಿ ಬೇಕಿತ್ತು. ಅದಿತಿ ಅದನ್ನು ಸಾಧಿಸಿದರು. ಅವರ ಒಟ್ಟು 213, ಉಳಿದಿಬ್ಬರದು 214. ಎರಡೇ ವಾರಗಳಲ್ಲಿ ಕತಾರ್ ಓಪನ್ ಕೂಡ ಅವರ ಪಾಲಾಯಿತು.

ಹೆಂಗಸರು ಹಣದ ಬಹುಮಾನಕ್ಕಾಗಿ ಗಾಲ್ಫ್ ಆಡುವ ಈ ದಾರಿ ಸುಲಭವಾಗಿ ಸಿಕ್ಕಿದ್ದಲ್ಲ. ಅಮೆರಿಕದಲ್ಲಿ ಮಹಿಳೆಯರ ಯು.ಎಸ್. ಓಪನ್ ಶುರುವಾದದ್ದು 1946ರಲ್ಲಿ. 1950ರಲ್ಲಿ 13 ಮಂದಿ ಆಟಗಾರ್ತಿಯರು ಸೇರಿ ತಮ್ಮದೇ ವೃತ್ತಿಪರ ಸಂಘ ಕಟ್ಟಿದರು. ಅವರಲ್ಲೊಬ್ಬರು ಬೇಬ್ ಝಹಾರಿಯಸ್. 1932ರ ಒಲಿಂಪಿಕ್ಸ್‌ನಲ್ಲಿ ಹರ್ಡಲ್ಸ್ ಮತ್ತು ಜಾವೆಲಿನ್ ಎರಡರಲ್ಲೂ ಚಿನ್ನ ಗೆದ್ದವರು. 1953ರಲ್ಲಿ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಮರುವರ್ಷವೇ ಅವರು ಯು.ಎಸ್. ಓಪನ್‌ಗೆ ಬಂದು 12 ಹೊಡೆತಗಳ ಅಂತರದಿಂದ ಗೆದ್ದರು! 1956ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಹೆಂಗಸರು ಕಟ್ಟಿದ ಟೂರ್‌ಗೆ ನಮ್ಮ ದೇಶದಿಂದ ಮೊದಲು ಕಾಲಿಟ್ಟವರು ಕೋಲ್ಕತ್ತಾದ ಸಿಮಿ ಮೆಹ್ರಾ. ಮುಂದೆ ಅದಿತಿಯೂ ಅಲ್ಲಿಗೆ ಹೋದರು.

ವೃತ್ತಿಪರ ಎಂದರೆ ತಿಂಗಳ ಸಂಬಳ ಎಂದುಕೊಳ್ಳಬೇಡಿ. ವಿಮಾನದ ಖರ್ಚು, ಹೋಟೆಲ್ ಬಾಡಿಗೆ, ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲವನ್ನೂ ಆಟಗಾರ್ತಿಯೇ ಹೊಂದಿಸಿಕೊಳ್ಳಬೇಕು. ಸಾಮಾನ್ಯವಾಗಿ ಮೊದಲೆರಡು ದಿನಗಳ ನಂತರ ಹಿಂದೆ ಬಿದ್ದವರನ್ನು ಕೈಬಿಡುತ್ತಾರೆ. ಇದಕ್ಕೆ ಕಟ್ ಎನ್ನುತ್ತಾರೆ. ಕಟ್ ದಾಟದಿದ್ದರೆ ಆ ವಾರದ ಬಹುಮಾನದಲ್ಲಿ ಪಾಲಿಲ್ಲ. ಹಾಗಾಗಿ ಒಂದೊಂದು ಹೊಡೆತವೂ ಹೊಟ್ಟೆಪಾಡಿನ ಲೆಕ್ಕವೇ.

ಅದಿತಿಯ ಮನೆಯಲ್ಲಿ ಗಾಲ್ಫ್ ಆಡುವವರಿರಲಿಲ್ಲ. ಐದು ವರ್ಷದವರಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣಿಸುತ್ತಿತ್ತು. ಅದೇನೆಂದು ನೋಡಲು ಹೋದವರು ಅಲ್ಲೇ ಕಲಿತರು. ರಿಯೋದಲ್ಲಿ ಚೀಲ ಹೊತ್ತವರು ಅಪ್ಪ, ಟೋಕಿಯೋದಲ್ಲಿ ಅಮ್ಮ.

ಟೋಕಿಯೋ ಎಂದಾಗ 2021ರ ಆಗಸ್ಟ್ 7ರ ಶನಿವಾರ ಹೇಳದೆ ಇರಲಾಗದು. ಆ ಬೆಳಗ್ಗೆ ದೇಶವೇ ಟಿ.ವಿ. ಮುಂದೆ ಕೂತು "ಬರ್ಡಿ ಅಂದರೇನ್ರೀ?" ಎಂದು ಒಬ್ಬರನ್ನೊಬ್ಬರು ಕೇಳಿತ್ತು. ನಾಲ್ಕು ದಿನಗಳ ಆಟದಲ್ಲಿ ಅದಿತಿಯ ಎಣಿಕೆ 269. ಕಂಚು ಗೆದ್ದವರದು 268. ನಾಲ್ಕನೇ ಸ್ಥಾನ, ಪದಕವಿಲ್ಲ. ಅಂದು ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ ಸಂಭ್ರಮದಲ್ಲಿ ಬೆಳಗಿನ ಆ ನೋವು ಮರೆತೇ ಹೋಯಿತು. ಗುರುಗ್ರಾಮದಲ್ಲಿ ಕೈಹಿಡಿದದ್ದೂ ಒಂದೇ ಹೊಡೆತ, ಟೋಕಿಯೋದಲ್ಲಿ ಕೈಕೊಟ್ಟದ್ದೂ ಒಂದೇ ಹೊಡೆತ.

ನಮ್ಮ ಮುಂಬಯಿಯಲ್ಲಿ ಗಾಲ್ಫ್ ಮೈದಾನಗಳು ಬೆರಳೆಣಿಕೆಯಷ್ಟು. ದಹಿಸರ್‌ನ ಮಕ್ಕಳಿಗೆ ಚೆಂಬೂರಿನ ಮೈದಾನ ನೋಡಬೇಕೆಂದರೂ ಎರಡು ಮೂರು ಲೋಕಲ್ ಬದಲಿಸಬೇಕು. ಎಲ್ಲರ ಮನೆಯಲ್ಲೂ ಗಾಲ್ಫ್ ಆಟಗಾರ್ತಿ ಹುಟ್ಟಬೇಕೆಂದೇನಿಲ್ಲ. ಆದರೆ ತಿಂಡಿ ತಿನ್ನುತ್ತಾ ಕೂತ ಮಗಳು ಕಿಟಕಿಯಾಚೆ ಬೆರಳು ಮಾಡಿ "ಅದೇನು?" ಎಂದು ಕೇಳಿದರೆ, ಒಮ್ಮೆ ಎದ್ದು ಕರೆದುಕೊಂಡು ಹೋಗಿ ತೋರಿಸಿ. ಅದಿತಿಯ ಅಪ್ಪ ಅಮ್ಮ ಮೊದಲು ಮಾಡಿದ್ದು ಅಷ್ಟೇ.